ಪ್ರೌಢಶಾಲಾ ಮಕ್ಕಳಿಗೆ ಹಣಕಾಸಿನ ಪಾಠ: ದಾವಣಗೆರೆಯ ಒಂದು ವಾರಾಂತ್ಯದ ತರಗತಿಯ ವಿಮರ್ಶೆ

ದಾವಣಗೆರೆಯ ವಿದ್ಯಾನಗರದ ಮನೆಯೊಂದರ ಮಹಡಿಯಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗಾಗಿ ಅರ್ಥಶಾಸ್ತ್ರ ಮತ್ತು ವೈಯಕ್ತಿಕ ಹಣಕಾಸಿನ ತರಗತಿಯೊಂದು ವಾರಾಂತ್ಯದಲ್ಲಿ ನಡೆಯುತ್ತಿದೆ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಮತ್ತು ಪದವಿಪೂರ್ವ ಕಾಲೇಜಿನ ಅರ್ಥಶಾಸ್ತ್ರ ಉಪನ್ಯಾಸಕಿಯೊಬ್ಬರು ಸೇರಿ ಇದನ್ನು ನಡೆಸುತ್ತಿದ್ದಾರೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಈ ಸಲ ಅದನ್ನು ಪೂರ್ಣಗೊಳಿಸಿದಳು. ಪೋಷಕರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು ಅವಕಾಶವಿದ್ದುದರಿಂದ ಹೆಚ್ಚಿನ ಪಾಠಗಳನ್ನು ನಾನೂ ಕೇಳಿದ್ದೇನೆ. ಮೆಚ್ಚುಗೆಯ ಜೊತೆಗೆ ಗಂಭೀರವಾದ ಆಕ್ಷೇಪಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ.

ಈ ತರಗತಿಯ ದೊಡ್ಡ ಗುಣವೆಂದರೆ ಅದು ಉಳಿತಾಯದ ಉಪದೇಶದಿಂದ ಆರಂಭವಾಗದೆ ಬಡ್ಡಿಯ ಲೆಕ್ಕದಿಂದ ಆರಂಭವಾಗುತ್ತದೆ. ನಮ್ಮ ಕಡೆ ಕೈಸಾಲದ ಬಡ್ಡಿಯನ್ನು ಯಾರೂ ವರ್ಷದ ಲೆಕ್ಕದಲ್ಲಿ ಹೇಳುವುದಿಲ್ಲ. 'ಎರಡು ರೂಪಾಯಿ ಬಡ್ಡಿ', 'ಮೂರು ರೂಪಾಯಿ ಬಡ್ಡಿ' ಎನ್ನುತ್ತಾರೆ, ಅಂದರೆ ನೂರು ರೂಪಾಯಿಗೆ ತಿಂಗಳಿಗೆ ಅಷ್ಟು. ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 36 ಎಂದು ಮಕ್ಕಳೇ ಗುಣಿಸಿ ಕಂಡುಕೊಂಡಾಗ ಅವರ ಮುಖದಲ್ಲಿ ಮೂಡಿದ ಅಚ್ಚರಿ ನಿಜವಾದದ್ದು. ಅಲ್ಲಿಂದ ಮುಂದೆ ಕಂತಿನ ಸಾಲಕ್ಕೆ ಬಂದರು. 12,000 ರೂಪಾಯಿಯ ಮೊಬೈಲನ್ನು ಶೇ 10ರ ಬಡ್ಡಿಗೆ ಹನ್ನೆರಡು ಕಂತುಗಳಲ್ಲಿ ಕೊಂಡರೆ ಬಡ್ಡಿ 1,200 ರೂಪಾಯಿ, ತಿಂಗಳ ಕಂತು 1,100 ರೂಪಾಯಿ. ಮೇಲ್ನೋಟಕ್ಕೆ ಇದು ಶೇ 10ರ ಸಾಲವೇ. ಆದರೆ ಅಸಲು ತಿಂಗಳು ತಿಂಗಳು ತೀರುತ್ತಾ ಬರುವಾಗಲೂ ಬಡ್ಡಿಯನ್ನು ಪೂರ್ತಿ 12,000ಕ್ಕೇ ಹಾಕಲಾಗಿದೆ. ಪ್ರತಿ ತಿಂಗಳ ಬಾಕಿಯನ್ನು ಸಾಲಾಗಿ ಬರೆದು ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ ವರ್ಷವಿಡೀ ನಮ್ಮ ಕೈಯಲ್ಲಿದ್ದ ಸಾಲದ ಸರಾಸರಿ 6,500 ರೂಪಾಯಿ ಮಾತ್ರ ಎಂದು ತಿಳಿಯುತ್ತದೆ. ಹಾಗಾಗಿ ನಿಜವಾದ ಬಡ್ಡಿ ಸುಮಾರು ಶೇ 18. ಈ ಒಂದು ಲೆಕ್ಕಕ್ಕೆ ಅವರು ಇಡೀ ಒಂದು ತರಗತಿಯನ್ನು ಮೀಸಲಿಟ್ಟರು. ಅಷ್ಟು ಸಮಯಕ್ಕೆ ಅದು ತಕ್ಕದ್ದೇ ಆಗಿತ್ತು.

ಚೀಟಿಯ ಪಾಠವೂ ಇದೇ ರೀತಿಯದು. ದಾವಣಗೆರೆಯಲ್ಲಿ ಚೀಟಿ ಹಾಕದ ಮನೆಗಳು ಕಡಿಮೆ, ಆದರೆ ಅದರ ಲೆಕ್ಕವನ್ನು ಮಕ್ಕಳಿಗೆ ಕೂರಿಸಿ ಹೇಳಿಕೊಡುವ ಮನೆಗಳು ಇನ್ನೂ ಕಡಿಮೆ. ಇಪ್ಪತ್ತು ಜನ ತಿಂಗಳಿಗೆ 5,000ದಂತೆ ಕಟ್ಟುವ ಒಂದು ಲಕ್ಷದ ಚೀಟಿಯನ್ನು ಒಬ್ಬರು ತಿಂಗಳ ಹರಾಜಿನಲ್ಲಿ 25,000 ಬಿಟ್ಟುಕೊಟ್ಟು ಕೂಗಿದರೆ ಅವರ ಕೈಗೆ 75,000 ಬರುತ್ತದೆ. ಬಿಟ್ಟ ಹಣದಲ್ಲಿ ನಡೆಸುವವರ ಕಮಿಷನ್ 5,000 ಕಳೆದು ಉಳಿದ 20,000ವನ್ನು ಹಂಚಿದರೆ ಪ್ರತಿಯೊಬ್ಬರಿಗೂ ಸಾವಿರ ರೂಪಾಯಿ ಸಿಗುತ್ತದೆ. ಮೊದಲು ಎತ್ತಿದವರು ಸಾಲಗಾರರು, ಕೊನೆಯವರೆಗೆ ಕಾದವರು ಉಳಿತಾಯಗಾರರು ಎಂಬ ಸಂಗತಿಯನ್ನು ಮಕ್ಕಳು ಈ ಲೆಕ್ಕದಿಂದಲೇ ಹೊರತೆಗೆದರು. 1982ರ ಚಿಟ್ ಫಂಡ್ ಕಾಯ್ದೆ, ನೋಂದಣಿ, 2019ರ ತಿದ್ದುಪಡಿಯಲ್ಲಿ ಕಮಿಷನ್‌ನ ಮಿತಿ ಶೇ 5ರಿಂದ 7ಕ್ಕೆ ಏರಿದ್ದು, ನೋಂದಣಿಯಿಲ್ಲದ ಚೀಟಿ ಮುರಿದುಬಿದ್ದರೆ ಹಣ ವಸೂಲಿ ಎಷ್ಟು ಕಷ್ಟ ಎಂಬುದು, ಇವೆಲ್ಲವನ್ನೂ ಹಿರಿಯರು ಬೆದರಿಸದೆ, ಸ್ಪಷ್ಟವಾಗಿ ಹೇಳಿದರು.

ಉಪನ್ಯಾಸಕಿಯ ಪಾಠಗಳಲ್ಲಿ ಮೆಕ್ಕೆಜೋಳದ ಕುರಿತದ್ದು ಅತ್ಯುತ್ತಮ. ಸುತ್ತಲಿನ ಹಳ್ಳಿಗಳಿಂದ ಬರುವ ಮಕ್ಕಳಲ್ಲಿ ಹಲವರ ಮನೆಯಲ್ಲಿ ಅದೇ ಬೆಳೆ. ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 2024-25ರಲ್ಲಿ 2,225 ರೂಪಾಯಿ, 2025-26ರಲ್ಲಿ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ಎಪಿಎಂಸಿಯಲ್ಲಿ ಅದಕ್ಕಿಂತ ಕಡಿಮೆಗೆ ಮಾರಬೇಕಾಗಿ ಬರುವುದೇಕೆ ಎಂದು ಹುಡುಗನೊಬ್ಬ ಕೇಳಿದ. ಬೆಂಬಲ ಬೆಲೆ ವ್ಯಾಪಾರಿಯನ್ನು ಕಟ್ಟಿಹಾಕುವುದಿಲ್ಲ, ಸರ್ಕಾರವೇ ಖರೀದಿಗೆ ಇಳಿದಾಗ ಮಾತ್ರ ಅದಕ್ಕೆ ಬಲ ಬರುತ್ತದೆ ಎಂಬುದರಿಂದ ಉತ್ತರ ಶುರುವಾಯಿತು. ಪಡಿತರದಲ್ಲಿ ಹಂಚುವ ಅಕ್ಕಿ, ರಾಗಿಗಳಂತೆ ಮೆಕ್ಕೆಜೋಳವನ್ನು ಕೊಂಡು ಹಂಚುವ ವ್ಯವಸ್ಥೆಯಿಲ್ಲ. ಅದರ ಬೇಡಿಕೆ ಕೋಳಿ ಆಹಾರ, ಪಿಷ್ಟ ಮತ್ತು ಎಥನಾಲ್ ಕಾರ್ಖಾನೆಗಳಿಂದ ಬರುತ್ತದೆ. ಕಟಾವಿನ ವೇಳೆ ಎಲ್ಲರ ಮಾಲೂ ಒಟ್ಟಿಗೆ ಮಾರುಕಟ್ಟೆಗೆ ಬರುತ್ತದೆ. ತೇವಾಂಶ ಹೆಚ್ಚಿದ್ದರೆ ದರ ಮತ್ತಷ್ಟು ಇಳಿಯುತ್ತದೆ. ಒಣಗಿಸಿ, ಗೋದಾಮಿನಲ್ಲಿಟ್ಟು ಕಾಯಬಲ್ಲ ರೈತನಿಗೂ ಸಾಲದ ಕಂತಿಗಾಗಿ ಅಂದೇ ಮಾರಲೇಬೇಕಾದ ರೈತನಿಗೂ ಇರುವ ವ್ಯತ್ಯಾಸವನ್ನು ಅವರು ಹಿಂದಿನ ಬಡ್ಡಿಯ ಪಾಠಕ್ಕೆ ಜೋಡಿಸಿದರು. ಬೇಡಿಕೆ ಮತ್ತು ಪೂರೈಕೆಯ ರೇಖಾಚಿತ್ರವನ್ನು ಮಾತ್ರ ಬಾಯಿಪಾಠ ಮಾಡಿಸುವ ಶಾಲಾ ಪಾಠದಲ್ಲಿ ನಾನು ಇಂತಹದ್ದನ್ನು ಕಂಡಿಲ್ಲ.

ಬೆಲೆಯೇರಿಕೆಯ ಪಾಠ ಚಿಕ್ಕದಾದರೂ ಚೊಕ್ಕವಾಗಿತ್ತು. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆ ಎಂದು ಅಂದಾಜಿಸಬಹುದು. ಶೇ 8ಕ್ಕೆ ಒಂಬತ್ತು ವರ್ಷ. ಅದೇ ಸೂತ್ರದಿಂದ ಶೇ 6ರ ಬೆಲೆಯೇರಿಕೆಯಲ್ಲಿ ಮನೆಯ ಖರ್ಚು ಹನ್ನೆರಡು ವರ್ಷಕ್ಕೆ ಇಮ್ಮಡಿಯಾಗುತ್ತದೆ. ಆನ್‌ಲೈನ್ ವಂಚನೆಯ ಬಗ್ಗೆ ಹೇಳಬೇಕಾದದ್ದನ್ನೂ ಹೇಳಿದರು: ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ, ವಂಚನೆಯಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇನ್ನು ಆಕ್ಷೇಪಗಳು. ಠೇವಣಿಯ ಸುರಕ್ಷತೆಯ ಪಾಠ ಅರ್ಧಕ್ಕೇ ನಿಂತಿತು. ಬ್ಯಾಂಕಿನ ಠೇವಣಿಗೆ ಅಸಲು ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯಿದೆ, 2020ರ ಫೆಬ್ರುವರಿಗೆ ಮೊದಲು ಅದು ಒಂದು ಲಕ್ಷ ಮಾತ್ರ ಇತ್ತು ಎಂದು ಹೇಳಿದ್ದು ಸರಿ. ಆದರೆ ಈ ವಿಮೆ ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆಯೇ ಹೊರತು ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಅನ್ವಯಿಸುವುದಿಲ್ಲ ಎಂಬ ಮುಖ್ಯವಾದ ಮಾತು ಪಾಠದಲ್ಲಿ ಬರಲೇ ಇಲ್ಲ. ಅರ್ಧ, ಒಂದು ಶೇಕಡಾ ಹೆಚ್ಚಿನ ಬಡ್ಡಿಗಾಗಿ ನಮ್ಮೂರಿನ ಎಷ್ಟೋ ಕುಟುಂಬಗಳು ನಿವೃತ್ತಿಯ ಹಣವನ್ನು, ಮಗಳ ಮದುವೆಯ ಹಣವನ್ನು ಇಂತಹ ಸಂಘಗಳಲ್ಲಿಯೇ ಇಟ್ಟಿರುವಾಗ ಈ ವ್ಯತ್ಯಾಸ ಗೊತ್ತಿರುವ ಒಂದು ಮಗು ಮನೆಯಲ್ಲಿದ್ದರೆ ಅಪ್ಪ ಅಮ್ಮ ಠೇವಣಿ ಇಡುವ ಮೊದಲು ಒಂದು ಪ್ರಶ್ನೆಯನ್ನಾದರೂ ಕೇಳಿಯಾರು.

ಇದಕ್ಕೆ ಸಮಯ ಸಾಲದೆ ಹೋಗಲು ಕಾರಣ ಷೇರು ಮಾರುಕಟ್ಟೆ. ಕಂಪನಿ ಎಂದರೇನು, ಷೇರು ಎಂದರೆ ಮಾಲೀಕತ್ವದ ಪಾಲು ಹೇಗೆ ಎಂಬಷ್ಟು ಈ ವಯಸ್ಸಿಗೆ ಸಾಕು. ಅದನ್ನು ಬಿಟ್ಟು ಮೊಬೈಲ್ ಆ್ಯಪ್‌ನ ಪರದೆಯನ್ನು ಗೋಡೆಯ ಮೇಲೆ ಮೂಡಿಸಿ ದಿನದ ಏರಿಳಿತದ ನಕ್ಷೆಗಳನ್ನು ಓದುವುದನ್ನು ಹೇಳಿಕೊಟ್ಟರು. ಮಕ್ಕಳು ಆಟದಂತೆ ಅದಕ್ಕೆ ಮುಗಿಬಿದ್ದರು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರಿನ ಮುಂದಿನ ಬೆಲೆಯ ಮೇಲೆ ಒಪ್ಪಂದ ಮಾಡಿಕೊಳ್ಳುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯೇ ಅಧ್ಯಯನ ಮಾಡಿ ಪ್ರಕಟಿಸಿರುವಾಗ, ಆ ಅಂಕಿಯನ್ನು ಒಮ್ಮೆಯೂ ಹೇಳದೆ ನಕ್ಷೆ ತೋರಿಸಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಕೊನೆಯ ದಿನ ವಿಮಾ ಏಜೆಂಟರೊಬ್ಬರನ್ನು 'ಅತಿಥಿ' ಎಂದು ಕರೆಸಿ ಪೋಷಕರ ಫೋನ್ ನಂಬರ್ ಬರೆಸಿಕೊಂಡದ್ದು ಇದಕ್ಕಿಂತಲೂ ಬೇಸರದ ಸಂಗತಿ. ಪಾಠ ಹೇಳುವ ಕೋಣೆಯಲ್ಲಿ ಯಾವ ಪಾಲಿಸಿಯ ಮಾರಾಟವೂ ನಡೆಯಕೂಡದು. ಆ ಸಮಯದಲ್ಲಿ ಹತ್ತು ವರ್ಷ ತುಂಬಿದ ಮಕ್ಕಳು ತಾವೇ ನಿರ್ವಹಿಸಬಹುದಾದ ಉಳಿತಾಯ ಖಾತೆಯ ಅರ್ಜಿಯನ್ನು ತುಂಬಿಸಬಹುದಾಗಿತ್ತು.

ಭಾಷೆಯ ವಿಷಯದಲ್ಲಿ ದೂರಿಲ್ಲ. ವಿವರಣೆ ಕನ್ನಡದಲ್ಲಿಯೇ ನಡೆಯುತ್ತದೆ, ಆದರೆ ಹಂಚಿದ ಹಾಳೆಗಳು ಮಾತ್ರ ಇಂಗ್ಲಿಷಿನಲ್ಲಿದ್ದವು. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅವುಗಳನ್ನು ಕನ್ನಡದಲ್ಲಿ ಮುದ್ರಿಸುವುದು ಕಷ್ಟದ ಕೆಲಸವೇನಲ್ಲ. ಶುಲ್ಕ ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ, ಕೊಟ್ಟದ್ದಕ್ಕೆ ಮೋಸವಿಲ್ಲ. ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರವು ಶಾಲಾ ಮಕ್ಕಳಿಗಾಗಿ ರೂಪಿಸಿದ ಹಣಕಾಸು ಅರಿವಿನ ಎನ್‌ಎಫ್‌ಎಲ್‌ಎಟಿ ಪರೀಕ್ಷೆ ಬರೆಯಬಯಸುವವರಿಗೂ ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನದಲ್ಲಿ ಬರುವ ಬ್ಯಾಂಕ್ ವ್ಯವಹಾರದ ಅಧ್ಯಾಯಕ್ಕೂ ಇದು ನೆರವಾಗುತ್ತದೆ. ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳನ್ನು ನಿಸ್ಸಂಕೋಚವಾಗಿ ಕಳುಹಿಸಬಹುದು; ಹತ್ತನೆಯವರು ಪರೀಕ್ಷೆ ಮುಗಿದ ಮೇಲಿನ ಬೇಸಿಗೆ ತಂಡಕ್ಕೆ ಸೇರುವುದು ಒಳ್ಳೆಯದು. ಸೇರಿಸುವ ಪೋಷಕರು ಷೇರಿನ ಪಾಠಗಳಿರುವ ವಾರಗಳಲ್ಲಿ ತಪ್ಪದೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಲಿ, ಪತ್ತಿನ ಸಂಘಗಳ ಠೇವಣಿಯ ಬಗ್ಗೆ ಅವರೇ ಕೈಯೆತ್ತಿ ಕೇಳಲಿ. ಕೇಳಿದರೆ ಉತ್ತರ ಕೊಡುವಷ್ಟು ತಿಳಿವಳಿಕೆ ಮತ್ತು ಪ್ರಾಮಾಣಿಕತೆ ಆ ಇಬ್ಬರು ಶಿಕ್ಷಕರಲ್ಲಿ ಖಂಡಿತ ಇದೆ.