ಕಂಪ್ರೆಸರ್ ಉಳಿಸಿಕೊಟ್ಟ ಕಾರ್ ಎಸಿ ಅಂಗಡಿ

ನಮ್ಮ ಹಳೆಯ ಕಾರಿನ ಎಸಿ ತಂಪು ಕೊಡದಾದಾಗ ಗ್ಯಾರೇಜೊಂದರವರು ಅನಿಲವನ್ನು ಒತ್ತಿ ಕಳುಹಿಸುವ ಕಂಪ್ರೆಸರನ್ನೇ ಇಡಿಯಾಗಿ ಬದಲಿಸಬೇಕೆಂದಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯ ಬಳಿಯ ಈ ಪುಟ್ಟ ಅಂಗಡಿಯವರು ಮಾತ್ರ ಮೊದಲು ಒತ್ತಡ ಅಳೆಯುವ ಗೇಜ್ ಜೋಡಿಸಿ ನೋಡಿದರು. ಎಸಿಯಲ್ಲಿ ತಂಪು ತರುವ ಆರ್-134ಎ ಅನಿಲದ ಒತ್ತಡವು ಹೀರುವ ಬದಿಯಲ್ಲಿ ಸುಮಾರು 30 ಪಿಎಸ್ಐ (ಒತ್ತಡದ ಅಳತೆ), ಹೊರದೂಡುವ ಬದಿಯಲ್ಲಿ 200ರ ಆಸುಪಾಸು ಇರಬೇಕಾದಲ್ಲಿ, ನಮ್ಮ ಕಾರಿನಲ್ಲಿ ಎರಡೂ ಮುಳ್ಳುಗಳು ಹತ್ತಿರ ಹತ್ತಿರ ನಿಂತಿದ್ದವು; ಅಂದರೆ ಕಂಪ್ರೆಸರ್ ಅನಿಲವನ್ನು ಸರಿಯಾಗಿ ಒತ್ತುತ್ತಿರಲಿಲ್ಲ.

ತೊಂದರೆ ಇದ್ದದ್ದು ಕಂಪ್ರೆಸರಿನ ರೀಡ್ ವಾಲ್ವಿನಲ್ಲಿ. ರೀಡ್ ವಾಲ್ವ್ ಎಂದರೆ ತೆಳುವಾದ ಉಕ್ಕಿನ ನಾಲಗೆ; ಅದನ್ನು ತೆರೆಯಲು ಎಂಜಿನ್ನಿನಲ್ಲಿರುವಂತೆ ವಾಲ್ವನ್ನು ತಳ್ಳುವ ಕ್ಯಾಮ್ ಇಲ್ಲ, ಒತ್ತಡದ ವ್ಯತ್ಯಾಸವೇ ಸಾಕು. ಪಿಸ್ಟನ್ ಹಿಂದೆ ಸರಿದಾಗ ಒಂದು ನಾಲಗೆ ಬಾಗಿ ಅನಿಲವನ್ನು ಒಳಬಿಡುತ್ತದೆ, ಮುಂದೆ ಬಂದಾಗ ಅದು ಮುಚ್ಚಿಕೊಂಡು ಹೊರಬದಿಯದು ತೆರೆಯುತ್ತದೆ. ಈ ಎರಡನೆಯದು ಮುರಿದಿದ್ದರಿಂದ ಒತ್ತಿ ಕಳುಹಿಸಿದ ಅನಿಲವೇ ಮತ್ತೆ ಸಿಲಿಂಡರಿಗೆ ಮರಳುತ್ತಿತ್ತು. ಮುರಿದ ತುಣುಕನ್ನು ಅವರು ನನ್ನ ಅಂಗೈಗೇ ಇಟ್ಟು ತೋರಿಸಿದರು, ಉಗುರಿಗಿಂತ ದೊಡ್ಡದೇನಲ್ಲ.

ಆ ನಾಲಗೆಗಳಿರುವ ವಾಲ್ವ್ ಪ್ಲೇಟ್, ಗ್ಯಾಸ್ಕೆಟ್ ಹಾಗೂ ತೇವ ಹೀರುವ ಡ್ರೈಯರನ್ನು ಬದಲಿಸಿ, ಲೋಹದ ಚೂರು ಉಳಿಯದಂತೆ ಪೈಪುಗಳನ್ನು ತೊಳೆದು, ಒಳಗಿನ ಗಾಳಿಯನ್ನು ಹೊರತೆಗೆದು ನಿರ್ವಾತ ಮಾಡಿದ ಬಳಿಕವೇ ಅನಿಲ ತುಂಬಿದರು. ಕೆಲಸ ಅಚ್ಚುಕಟ್ಟು. ಆದರೆ ವಾರಂಟಿಯನ್ನು ಬಾಯಿಮಾತಿನಲ್ಲಷ್ಟೇ ಕೊಡುತ್ತಾರೆ, ಕುಳಿತುಕೊಳ್ಳಲು ಜಾಗವೂ ಇಲ್ಲ. ಐದಕ್ಕೆ ನಾಲ್ಕು ಅಂಕ.