ಒಂದೇ ಜೀಪು, ಮೂರು ಸೆಟ್ ಟೈರು, ಅದೇ ಹಾಳು ರಸ್ತೆ

ಡಾಂಬರು ಬಿಟ್ಟ ಮೇಲೆ ನಮ್ಮ ತೋಟದ ಮನೆಗೆ ಮೂರು ಕಿಲೋಮೀಟರ್. ಅದನ್ನು ರಸ್ತೆ ಅನ್ನುವುದು ರೂಢಿಗೆ ಮಾತ್ರ. ಕೊಪ್ಪದ ಕಡೆಯ ಕೆಂಪು ಮಣ್ಣು, ಅಲ್ಲಲ್ಲಿ ಜಂಬಿಟ್ಟಿಗೆ. ಜುಲೈ ಹೊತ್ತಿಗೆ ಉಳಿಯುವುದು ಎರಡು ಉದ್ದನೆಯ ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ, ಅಷ್ಟೆ. ಈ ದಾರಿಯಲ್ಲಿ ನನ್ನ ಹಳೆ ಮಹೀಂದ್ರ ಎಂಎಂ 540ಗೆ ಬೇರೆ ಬೇರೆ ಮಳೆಗಾಲಗಳಲ್ಲಿ ಮೂರು ಅಳತೆಯ ಟೈರು ಹಾಕಿ ಓಡಿಸಿದ್ದೇನೆ. ಮೊದಲಿನಿಂದ ಇದ್ದ 6.00-16, ಆಮೇಲೆ 31x10.5 ಆರ್15 ಮಡ್ ಟೈರು, ಕೊನೆಗೆ 235/75 ಆರ್15 (ಕೊನೆಯ 16, 15 ಅನ್ನುವುದು ರಿಮ್ಮಿನ ವ್ಯಾಸ, ಇಂಚಿನಲ್ಲಿ). ದುಡ್ಡು ಕಳೆದ ಕ್ರಮದಲ್ಲೇ ಹೇಳುತ್ತೇನೆ.

6.00-16 ಅಂದರೆ ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಇದ್ದ ಅಳತೆಯೇ. ಆರು ಇಂಚು ಅಗಲ, ನಾಲ್ಕೂವರೆ ಇಂಚು ಅಗಲದ ರಿಮ್, ಒಳಗೆ ಟ್ಯೂಬು. ಇದರ ಮೇಲೆ ನನಗೆ ದೂರುಗಳಿದ್ದವು. ಒದ್ದೆ ಡಾಂಬರಿನಲ್ಲಿ ಬ್ರೇಕ್ ಒತ್ತಿದರೆ ನಿಲ್ಲುವುದಕ್ಕಿಂತ ಮೊದಲು ಸ್ವಲ್ಪ ಯೋಚನೆ ಮಾಡುತ್ತದೆ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಮೊದಲ ಒಂದೆರಡು ಕಿಲೋಮೀಟರ್ ಧಡಧಡ ಅನ್ನುತ್ತದೆ. ಆದರೆ ಜಾಡಿಗೆ ಇಳಿಸಿದ ಮೇಲೆ ಅದರ ಬಗ್ಗೆ ಚಿಂತೆಯೇ ಇರಲಿಲ್ಲ. ಟೈರು ಜಾಡಿನ ತಳಕ್ಕೆ ಹೋಗಿ ಕೂರುತ್ತಿತ್ತು. ಮೇಲಿನ ರಾಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತಿತ್ತು. ಹೆಬ್ಬೆರಳನ್ನು ಸ್ಟೇರಿಂಗಿನ ಹೊರಗಿಟ್ಟು ಸುಮ್ಮನೆ ಹಿಡಿದಿದ್ದರೆ ಜೀಪು ತಾನೇ ಮನೆಗೆ ಬರುತ್ತಿತ್ತು, ಹಳೆ ಎತ್ತಿನ ಹಾಗೆ.

ಅಕ್ಕನ ಮಗ ಬೆಂಗಳೂರಿಂದ ಬಂದವನು ಒಂದು ಸಲ ಸುತ್ತು ಹಾಕಿ ನೋಡಿ, “ಮಾವ, ಜೀಪಿನ ಮೈ ಕೋಣದ್ದು, ಕಾಲು ಮಾತ್ರ ಕೊಕ್ಕರೆದು” ಅಂದ. ಆ ಮಾತು ಚುಚ್ಚಿತು. ಮುಂದಿನ ತಿಂಗಳು 31 ಇಂಚು ಎತ್ತರ, ಹತ್ತೂವರೆ ಇಂಚು ಅಗಲದ ಟೈರು, ಎಂಟು ಇಂಚು ಅಗಲದ ರಿಮ್ ಬಂದವು. ರಿಮ್ಮಿನ ಬಟ್ಟಲು ಹೊರಕ್ಕೆ ಚಾಚಿದ್ದು. ಪ್ರತಿ ಬದಿಯಲ್ಲೂ ಚಕ್ರ ಎರಡು ಇಂಚು ಹೊರಗೆ ಬಂತು. ಮಡ್‌ಗಾರ್ಡಿಗೆ ತಾಗಬಾರದೆಂದು, ಕಮಾನ್ ಪ್ಲೇಟನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಉದ್ದ ಮಾಡಿಸಿ ಗಾಡಿ ಎತ್ತರಿಸಿದೆ. ನಿಂತಲ್ಲಿ ನೋಡಲು ನಿಜಕ್ಕೂ ಚಂದ ಇತ್ತು, ಸುಳ್ಳು ಹೇಳಲಾರೆ.

ಮೊದಲ ದಿನವೇ ತೋಟದ ದಾರಿಯ ಎರಡನೇ ತಿರುವಿನಲ್ಲಿ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡಿತು. ಬಲಕ್ಕೆ ಎಳೆಯಿತು, ಎಡಕ್ಕೆ ತಿರುಗಿಸಿದೆ. ಆಗ ಎಡಕ್ಕೇ ಎಳೆಯಿತು. ಇಪ್ಪತ್ತರ ವೇಗದಲ್ಲಿ ಜೀಪು ಕುಡಿದವನ ಹಾಗೆ ದಾರಿ ತುಂಬ ಓಲಾಡಿತು. ಮನೆ ಮುಟ್ಟುವಾಗ ಭುಜ ಎರಡೂ ಹಿಡಿದುಕೊಂಡಿದ್ದವು. ಅಲೈನ್‌ಮೆಂಟ್ ಸರಿಯಿಲ್ಲ ಅಂದುಕೊಂಡು ನೋಡಿಸಿದೆ, ಮುಂದಿನ ಚಕ್ರಗಳನ್ನು ತಿರುಗಿಸುವ ಟೈ ರಾಡ್‌ನ ತುದಿಗಳನ್ನು ಬದಲಿಸಿದೆ. ಏನೂ ಆಗಲಿಲ್ಲ. ನಮ್ಮ ಮೆಕ್ಯಾನಿಕ್ ಜೊತೆಗೆ ಕೂತು ಒಂದು ಸಲ ಬಂದು, ಇಳಿದು, ಜಾಡಿನ ಪಕ್ಕ ಕುಕ್ಕರಗಾಲಲ್ಲಿ ಕೂತು ತೋರಿಸಿದ ಮೇಲೆ ಅರ್ಥವಾಯಿತು. “ಟೈರು ಜಾಡಲ್ಲಿ ಕೂರ್ತಾ ಇಲ್ಲ ಮಾರಾಯ್ರೆ, ಗೋಡೆ ಹತ್ತುತ್ತಾ ಇದೆ ನೋಡಿ.”

ನಿಜ. ನಮ್ಮ ದಾರಿಯ ಜಾಡು ಕೊರೆದದ್ದು ವರ್ಷಗಟ್ಟಲೆ ಓಡಾಡಿದ ಸಪೂರ ಟೈರಿನ ಜೀಪು, ಪಿಕಪ್‌ಗಳು. ಹತ್ತೂವರೆ ಇಂಚಿನ ಟೈರು ಅದರ ತಳಕ್ಕೆ ಇಳಿಯುವುದಿಲ್ಲ. ಅದರ ಅಂಚು ಇಳಿಜಾರು ದಂಡೆಯ ಮೇಲೆ ನಿಲ್ಲುತ್ತದೆ. ಸಾಲದ್ದಕ್ಕೆ ರಿಮ್ಮಿನಿಂದಾಗಿ ಎಡಬಲ ಚಕ್ರಗಳ ನಡುವಿನ ಅಂತರ ನಾಲ್ಕು ಇಂಚು ಹೆಚ್ಚಾಗಿತ್ತು, ಜಾಡುಗಳ ಅಂತರ ಮಾತ್ರ ಹಿಂದಿನದೇ. ಒಂದು ಚಕ್ರ ತಳದಲ್ಲಿದ್ದರೆ ಇನ್ನೊಂದು ದಂಡೆ ಏರಲೇಬೇಕು.

ದಂಡೆ ಏರಿದರೆ ಸ್ಟೇರಿಂಗ್ ಯಾಕೆ ಎಳೆಯಬೇಕು? ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಕಿಂಗ್‌ಪಿನ್ ಅನ್ನುವ ನೆಟ್ಟಗಿನ ಕೀಲಿನ ಸುತ್ತ. ಆ ಪಿನ್ನಿನ ಗೆರೆಯನ್ನು ಹಾಗೇ ಕೆಳಗೆ ಎಳೆದರೆ ನೆಲಕ್ಕೆ ಮುಟ್ಟುವ ಒಂದು ಜಾಗ ಇದೆಯಲ್ಲ, ಅದು ಬಾಗಿಲಿನ ತಿರುಗಣೆ ಇದ್ದ ಹಾಗೆ. ಬಾಗಿಲನ್ನು ತಿರುಗಣೆಯ ಹತ್ತಿರ ತಳ್ಳಿದರೆ ಅಲ್ಲಾಡುವುದಿಲ್ಲ, ದೂರದ ಅಂಚಿನಲ್ಲಿ ಬೆರಳು ತಾಗಿಸಿದರೂ ಸಾಕು. ಸಪೂರ ಟೈರು ನೆಲ ಮುಟ್ಟುವುದು ಆ ತಿರುಗಣೆಯ ಹತ್ತಿರದಲ್ಲೇ. ಕಲ್ಲು ಬಡಿದರೂ ಸ್ಟೇರಿಂಗಿಗೆ ಬರುವ ಹೊಡೆತ ಕಡಿಮೆ. ಅಗಲ ಟೈರಿನಲ್ಲಿ ಭಾರವೆಲ್ಲ ದಂಡೆ ತಾಗಿದ ಹೊರ ಅಂಚಿಗೆ ಹೋದಾಗ, ನೆಲದ ಎಳೆತ ಬರುವುದು ಬಾಗಿಲಿನ ದೂರದ ಅಂಚಿನಲ್ಲಿ. ಚಕ್ರ ಆ ಕಡೆಗೆ ತಿರುಗಲು ನೋಡುತ್ತದೆ. ಮರುಗಳಿಗೆ ಒಳ ಅಂಚು ನಡುದಿಬ್ಬಕ್ಕೆ ತಾಗಿದರೆ ಎಳೆತ ತಿರುವುಮುರುವು. ರಿಮ್ ಹೊರಕ್ಕೆ ಚಾಚಿದ್ದರೆ ಬಾಗಿಲು ಇನ್ನೂ ಎರಡು ಇಂಚು ಉದ್ದವಾದಂತೆ. ನನ್ನ ಜೀಪಿಗೆ ಪವರ್ ಸ್ಟೇರಿಂಗ್ ಬೇರೆ ಇಲ್ಲ, ಪೂರ್ತಿ ಏಟು ನೇರ ಮೊಣಕೈಗೆ.

ಅಗಲ ಟೈರು ಅಂದರೆ ನೆಲಕ್ಕೆ ತಾಗುವ ರಬ್ಬರು ಹೆಚ್ಚು ಅಂತ ನಾನೂ ನಂಬಿದ್ದೆ. ಲೆಕ್ಕ ಹಾಕಿ ನೋಡಿ. ಒಂದು ಚಕ್ರದ ಮೇಲೆ 350 ಕೆಜಿ ಅಂದುಕೊಳ್ಳಿ, ಗಾಳಿ 24 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1.7 ಕೆಜಿ. ಭಾಗಿಸಿದರೆ ಇನ್ನೂರು ಚದರ ಸೆಂಟಿಮೀಟರ್ ಚಿಲ್ಲರೆ. ಒಂದೇ ಗಾಳಿಯಿದ್ದರೆ ಎರಡೂ ಟೈರಿಗೆ ಹೆಚ್ಚುಕಡಿಮೆ ಅಷ್ಟೇ ಜಾಗ. ಆಕಾರ ಮಾತ್ರ ಬೇರೆ: ಸಪೂರದ್ದು ಉದ್ದಕ್ಕೆ, ಅಗಲದ್ದು ಅಡ್ಡಕ್ಕೆ. ಅಡ್ಡಕ್ಕೆ ಚಾಚಿದ್ದು ಜಾಡಿನ ಎರಡೂ ಗೋಡೆಗಳನ್ನು ಹುಡುಕಿಕೊಂಡು ಹೋಗುತ್ತದೆ.

ಎತ್ತರಿಸಿದ್ದರಿಂದ ಇನ್ನೊಂದು ಕೆಡುಕು ಆಗಿತ್ತು. ಸೈಕಲ್ಲಿನ ಮುಂದಿನ ಫೋರ್ಕ್ ಸ್ವಲ್ಪ ಓರೆಯಾಗಿರುವುದು ಕೈ ಬಿಟ್ಟರೂ ಸೈಕಲ್ಲು ನೆಟ್ಟಗೆ ಹೋಗುವುದಕ್ಕೆ ನೆರವಾಗುತ್ತದೆ. ಜೀಪಿನಲ್ಲಿ ಆ ಓರೆಗೆ ಕ್ಯಾಸ್ಟರ್ ಅನ್ನುತ್ತಾರೆ. ಉದ್ದದ ಶ್ಯಾಕಲ್ಲಿನಿಂದ ನನ್ನ ಮುಂದಿನ ಆಕ್ಸಲ್ ತಿರುಗಿ ಓರೆ ಕಡಿಮೆಯಾಗಿತ್ತು. ಕಮಾನ್ ಪ್ಲೇಟಿಗೂ ಆಕ್ಸಲ್ಲಿಗೂ ನಡುವೆ ಬೆಣೆಯಾಕಾರದ ಕಬ್ಬಿಣ ಹಾಕಿಸಿದ ಮೇಲೆ ಡಾಂಬರಿನಲ್ಲಿ ಓಲಾಟ ಎಷ್ಟೋ ಕಡಿಮೆಯಾಯಿತು. ಜಾಡಿನಲ್ಲಿ ಮಾತ್ರ ಅಷ್ಟಕ್ಕಷ್ಟೆ.

ಹೊಗಳುವುದನ್ನು ಹೊಗಳಬೇಕು. ಗದ್ದೆ ಬದಿಯ ತಳವಿಲ್ಲದ ಕೆಸರಿನಲ್ಲಿ ಗಾಳಿ 15ಕ್ಕೆ ಇಳಿಸಿದರೆ ಈ ದೊಡ್ಡ ಟೈರು ತೇಲಿಕೊಂಡು ಹೋಗುತ್ತಿತ್ತು, 6.00-16 ಅಲ್ಲಿ ಆಕ್ಸಲ್ ತನಕ ಹುಗಿದುಕೊಂಡಿದೆ. ಆಕ್ಸಲ್ ನಡುವೆ ಕೆಳಕ್ಕೆ ಉಬ್ಬಿರುವ ಗೇರಿನ ಗುಂಡು, ಅಂದರೆ ಡಿಫರೆನ್ಷಿಯಲ್, ಒಂದಿಂಚು ಮೇಲೆದ್ದಿದ್ದರಿಂದ ಕಲ್ಲು ತಾಗುವುದು ಕಡಿಮೆಯಾಯಿತು. ಟ್ರ್ಯಾಕ್ಟರ್ ಮಾಡಿದ ಅಗಲ ಜಾಡಿನಲ್ಲೂ ಅಷ್ಟೇನೂ ತಕರಾರಿಲ್ಲ. ಆದರೆ ವ್ಯಾಸ ನೂರಕ್ಕೆ ಏಳರಷ್ಟು ಹೆಚ್ಚಿದ್ದರಿಂದ ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತಿತ್ತು. ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಲಾರಿಗಳು ತುಳಿದು ಗುಳಿಬಿದ್ದ ಹೆದ್ದಾರಿ. ಮಣ್ಣಿನಲ್ಲಿ ಇಪ್ಪತ್ತರ ವೇಗದಲ್ಲಿ ಎಳೆಯುವುದು ಬೇರೆ, ಅರವತ್ತರಲ್ಲಿ ಎದುರಿಗೆ ಬಸ್ಸು ಬರುವಾಗ ಎಳೆಯುವುದು ಬೇರೆ.

ಒಂದೂವರೆ ವರ್ಷಕ್ಕೆ ಸಾಕಾಗಿ 235/75 ಆರ್15ಕ್ಕೆ ಬಂದೆ. ಇದರ ಎತ್ತರ ಸುಮಾರು 29 ಇಂಚು, ಹೆಚ್ಚುಕಡಿಮೆ 6.00-16ರಷ್ಟೇ, ಅಗಲ ಮಾತ್ರ 235 ಮಿಲಿಮೀಟರ್, ಅಂದರೆ ಮೂರು ಇಂಚು ಜಾಸ್ತಿ. ದುಡ್ಡು ಉಳಿಸಲೆಂದು ಮೊದಲು ಅದೇ ಚಾಚಿದ ರಿಮ್ಮಿಗೇ ಹಾಕಿಸಿದೆ. ಓಲಾಟ ಅರ್ಧಕ್ಕೆ ಇಳಿಯಿತು, ಹೋಗಲಿಲ್ಲ. ಎರಡು ತಿಂಗಳ ಮೇಲೆ ಆರು ಇಂಚು ಅಗಲದ ಸಾದಾ ಕಬ್ಬಿಣದ ರಿಮ್ ಸಿಕ್ಕಿತು. ಚಕ್ರ ಮೊದಲಿನ ಜಾಗಕ್ಕೆ ಒಳ ಸರಿಯಿತು. ಟೈರು ಅದೇ, ಗಾಳಿ ಅದೇ, ದಾರಿ ಅದೇ. ಜೀಪು ಬೇರೆಯೇ ಆಯಿತು. ಹಾಗಾಗಿ ನನ್ನ ಲೆಕ್ಕದಲ್ಲಿ ದೊಡ್ಡ ಅಪರಾಧಿ ಹೊರಕ್ಕೆ ಚಾಚಿದ ರಿಮ್, ಟೈರಿನ ಅಗಲ ಅದರ ಜೊತೆಗಾರ. ರಿಮ್ ಸರಿಮಾಡದೆ ಟೈರನ್ನಷ್ಟೇ ಬೈಯುತ್ತಿರುವವರು ಒಂದು ಸಲ ಅಳತೆಪಟ್ಟಿ ಹಿಡಿದು ನೋಡಿ.

ಈಗ ಮಳೆ ಹಿಡಿದ ಮೂರು ತಿಂಗಳು 6.00-16, ಉಳಿದ ಕಾಲಕ್ಕೆ 235. ಪೇಟೆಗೆ ಹೆಚ್ಚು ಹೋಗುವವರಾದರೆ ವರ್ಷವಿಡೀ 235 ಸಾಕು, ಎರಡು ಸೆಟ್ಟಿನ ರಗಳೆ ಬೇಡ. ದೊಡ್ಡ ಟೈರುಗಳನ್ನು ರಿಮ್ ಸಮೇತ ಅಕ್ಕನ ಮಗನೇ ತೆಗೆದುಕೊಂಡು ಹೋಗಿ ತನ್ನ ಥಾರ್ ಇಟ್ಟುಕೊಂಡ ಸ್ನೇಹಿತನಿಗೆ ಕೊಡಿಸಲು ನೋಡಿದ. ರಿಮ್ಮೂ ಕೂರುವುದಿಲ್ಲ, ಅಳತೆಯೂ ಹೊಂದುವುದಿಲ್ಲ ಅಂತ ವಾಪಸು ಬಂದವು. ಸದ್ಯಕ್ಕೆ ಎರಡು ಅಡಿಕೆ ಚಪ್ಪರದ ಟಾರ್ಪಾಲಿನ ಮೇಲೆ ಭಾರಕ್ಕಿವೆ, ಒಂದರಲ್ಲಿ ನಾಯಿ ಮಲಗುತ್ತದೆ. ನಾಲ್ಕನೆಯದು ಬೇಕಾದವರು ಹೇಳಿ.