ಮಾದರಿ ರೈಲುಗಳಿಗೆ ಯಾವ ವಿಮೆ: ಗೃಹ ರಕ್ಷಾನೋ, ಪ್ಯಾಕೇಜ್ ಪಾಲಿಸಿಯೋ?

ಬಳ್ಳಾರಿಯ ಮನೆಯಲ್ಲಿ ಮಾರ್ಕ್ಲಿನ್, ಹಾರ್ನ್‌ಬಿ ಕಂಪನಿಗಳ ಮಾದರಿ ರೈಲು ಎಂಜಿನ್‌ಗಳನ್ನು ವರ್ಷಗಟ್ಟಲೆ ಕೂಡಿಸಿಟ್ಟವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆ ಬೆಂಕಿ, ಸಿಡಿಲು, ನೆರೆ, ಭೂಕಂಪಗಳಿಗೆ ರಕ್ಷಣೆ ಕೊಡುತ್ತದೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆ ಸಾಮಾನಿಗೆ ತಾನಾಗಿಯೇ ಸಿಗುತ್ತದೆ. ಕೈಕೊಡುವುದು ಕಳವಿನಲ್ಲಿ. ಬೆಂಕಿಯೋ ನೆರೆಯೋ ಆದ 7 ದಿನದೊಳಗೆ, ಅದರಿಂದಾಗಿಯೇ ನಡೆದ ಕಳವಿಗಷ್ಟೇ ಪರಿಹಾರ. ಬೇಸಿಗೆ ರಜೆಗೆ ಊರಿಗೆ ಹೋದಾಗ ಯಾರೋ ಬೀಗ ಮುರಿದರೆ ಒಂದು ಪೈಸೆಯೂ ಬರದು.

ಹಲವು ರಕ್ಷಣೆಗಳನ್ನು ಒಂದೇ ಪಾಲಿಸಿಯಲ್ಲಿ ಕೊಡುವ ಹೌಸ್‌ಹೋಲ್ಡರ್ ಪ್ಯಾಕೇಜ್‌ನಲ್ಲಿ ಬೆಂಕಿಯ ಜೊತೆಗೆ ಕನ್ನಗಳವನ್ನೂ ಸೇರಿಸಿಕೊಳ್ಳಬಹುದು. ಪ್ರೀಮಿಯಂ ಜಾಸ್ತಿ, ಷರತ್ತು ಕಂಪನಿಯಿಂದ ಕಂಪನಿಗೆ ಬೇರೆ. ಆದರೂ ಸುಲಭವಾಗಿ ಚೀಲಕ್ಕಿಳಿಯುವ ದುಬಾರಿ ಎಂಜಿನ್‌ಗಳಿದ್ದರೆ ನನ್ನ ಮತ ಇದಕ್ಕೇ. ಪ್ರದರ್ಶನಕ್ಕೆ ಒಯ್ಯುವವರು ಮನೆಯ ಹೊರಗಿನ ಆಕಸ್ಮಿಕ ನಷ್ಟಕ್ಕೂ ರಕ್ಷಣೆ ಕೊಡುವ ಆಲ್ ರಿಸ್ಕ್ ವಿಭಾಗವನ್ನೂ ಕೇಳಿ.

ಗೃಹ ರಕ್ಷಾದಲ್ಲೂ ಕಲಾಕೃತಿ, ಅಪರೂಪದ ವಸ್ತುಗಳಿಗೆ ಮೊದಲೇ ಬೆಲೆ ಒಪ್ಪಿಕೊಳ್ಳುವ ಐಚ್ಛಿಕ ರಕ್ಷಣೆ ಇದೆ. ನಿಮ್ಮ ಎಂಜಿನ್‌ಗಳು ಅದರಡಿ ಬರುತ್ತವೆಯೇ ಎಂದು ಬರಹದಲ್ಲೇ ಉತ್ತರ ಪಡೆಯಿರಿ. ಏಜೆಂಟರ ಬಾಯಿಮಾತು ಕ್ಲೇಮ್ ಹೊತ್ತಿಗೆ ನಿಲ್ಲದು.

ನಮ್ಮೂರಿನ ಕೆಂಪು ಧೂಳು ಗೇರಿನೊಳಗೆ ಸೇರಿ ಮೋಟಾರು ಸವೆದರೆ ಎರಡೂ ಪಾಲಿಸಿ ಪರಿಹಾರ ಕೊಡುವುದಿಲ್ಲ, ಅದು ಸಹಜ ಸವೆತ.

ಯಾವುದನ್ನೇ ಆರಿಸಿ, ಪ್ರತಿ ಎಂಜಿನ್ ಮಗುಚಿ ತಳದಲ್ಲಿನ ಗುರುತು, ಸಂಖ್ಯೆ ಕಾಣುವಂತೆ ಫೋಟೊ ತೆಗೆಯಿರಿ. ಮೂಲ ಡಬ್ಬಿ, ಬಿಲ್ಲುಗಳ ಫೋಟೊಗಳೂ ಇರಲಿ, ಒಂದು ಪ್ರತಿ ಮನೆಯ ಹೊರಗಿರಲಿ.